ಸಹಿ ಎಲ್ಲಿ ಹಾಕಲಿ ಅಂದಿದ್ದೆಯಲ್ಲ, ಮಗಳೇ

ಮಗಳೇ,

ಮೊನ್ನೆ ಫೋನಿನಲ್ಲಿ ಆಡಿದ್ದನ್ನು ಮತ್ತೆ ಬರೆಯುವುದಿಲ್ಲ. ಆಮೇಲೆ ನಿಮ್ಮವ್ವ ಎರಡು ದಿನ ನನ್ನ ಜೊತೆ ಮಾತು ಬಿಟ್ಟಳು. ಸರಿಯಾಗೇ ಮಾಡಿದಳು. ಕೌನ್ಸಿಲರ್ ಚುನಾವಣೆ ಸೋತು ಅಳುತ್ತಿರುವ ಮಗಳಿಗೆ ಅಪ್ಪ ಹೇಳುವ ಮಾತಲ್ಲ ಅದು.

ಹೋದ ವರ್ಷ ನಾವು ಇಂಗ್ಲೆಂಡಿಗೆ, ನಿನ್ನ ಲೀಡ್ಸಿಗೆ ಬಂದಿದ್ದಾಗ ಹತ್ತಿರದ ಡ್ಯೂಸ್‌ಬರಿಗೆ ಕರೆದುಕೊಂಡು ಹೋಗಿದ್ದೆಯಲ್ಲ. "ಅಪ್ಪಾಜಿ, ಬೆಟಿ ಬೂತ್ರಾಯ್ಡ್ ಹುಟ್ಟಿದ ಊರು ಇದು" ಅಂದೆ. ನಾನು ಹಳೇ ಮಿಲ್ಲಿನ ಕಲ್ಲಿನ ಗೋಡೆ ನೋಡುತ್ತಾ ನಿಂತುಬಿಟ್ಟೆ, ಕಿವಿಗೆ ಹಾಕಿಕೊಳ್ಳಲಿಲ್ಲ. ಈ ವಾರ ನಿದ್ದೆ ಬರದೆ ಆ ಬ್ರಿಟಿಷ್ ರಾಜಕಾರಣಿಯ ವಿಷಯ ಹುಡುಕಿ ಓದಿದೆ.

1929ರಲ್ಲಿ ಹುಟ್ಟಿದ ಒಬ್ಬಳೇ ಮಗಳು. ಅಪ್ಪ ಅವ್ವ ಇಬ್ಬರೂ ಮಿಲ್ ಕೆಲಸದವರು. ಅಪ್ಪನಿಗೆ ಎಷ್ಟೋ ಸಲ ಕೆಲಸ ಇರುತ್ತಿರಲಿಲ್ಲ. ಹೆಂಗಸರಿಗೆ ಕೂಲಿ ಕಡಿಮೆ, ಹಾಗಾಗಿ ಅವ್ವನಿಗೆ ಸಿಗುತ್ತಿತ್ತು. ದಾವಣಗೆರೆಯಲ್ಲಿ ಮಿಲ್ ಕೆಲಸ ಮಾಡಿದ ನನಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆ ಮನೆಯ ಹುಡುಗಿ ಟಿಲ್ಲರ್ ಗರ್ಲ್ಸ್ ಅನ್ನುವ ಡಾನ್ಸ್ ತಂಡ ಸೇರಿ ಲಂಡನ್ನಿಗೆ ಹೋದಳು. ಇಲ್ಲಿಗೆ ಬಂದಾಗ ನಾನು ಓದುವುದು ನಿಲ್ಲಿಸಿದೆ. ನಿನ್ನ ಕಾಲೇಜು ನೆನಪಾಯಿತು.

ನೀನು ಎರಡನೇ ಪಿಯುಸಿ. ಕಾಲೇಜು ಸಂಘಕ್ಕೆ ನಿಂತಿದ್ದೆ. ಮಿಲ್ಲಿನಲ್ಲಿ ಒಬ್ಬ "ನಿನ್ನ ಮಗಳ ಹೆಸರು ಗೋಡೆ ಮೇಲೆ ಐತಲ್ಲೋ" ಅಂದ. ಪಾಳಿ ಮುಗಿಸಿ ನೆಟ್ಟಗೆ ಕಾಲೇಜಿಗೆ ಬಂದೆ. ಮುಖ ಸಹ ತೊಳೆದಿರಲಿಲ್ಲ. ಹೆಸರು ವಾಪಸ್ ತಗೊಳ್ಳುವ ಚೀಟಿ ನಾನೇ ಬರೆದೆ. ನೀನು ಜಗಳ ಮಾಡಲಿಲ್ಲ. "ಸಹಿ ಎಲ್ಲಿ ಹಾಕಲಿ ಅಪ್ಪಾಜಿ" ಅಂದೆ. ಸಹಿ ಹಾಕಿ, ಪೆನ್ನಿಗೆ ಕ್ಯಾಪ್ ಹಾಕಿ, ನನ್ನ ಕಾಲರಿಗೆ ಅಂಟಿದ್ದ ಅರಳೆ ಒಂದೊಂದೇ ತೆಗೆದೆ. ಬೈದಿದ್ದರೆ ಮರೆತುಬಿಡುತ್ತಿದ್ದೆ. ಅರಳೆ ತೆಗೆದೆಯಲ್ಲ, ಅದು ಮರೆಯಲಿಲ್ಲ. ಜನ ನಿನ್ನ ಬಗ್ಗೆ ಏನಾದರೂ ಆಡಿಕೊಂಡಾರು ಅನ್ನುವ ಭಯ ನನಗಿತ್ತು. ಆ ಭಯಕ್ಕೆ ನಿನ್ನ ಕೈಯಿಂದ ಸಹಿ ಹಾಕಿಸಿದೆ. ಮೊನ್ನೆ ಫೋನಿನಲ್ಲಿ ಮಾತಾಡಿದ್ದೂ ಅದೇ ಭಯ. ತಪ್ಪಾಯಿತು ಮಗಳೇ.

ಬೂತ್ರಾಯ್ಡ್ ಪಾರ್ಲಿಮೆಂಟ್ ಚುನಾವಣೆಯಲ್ಲಿ ಎಷ್ಟು ಸಲ ಸೋತಳು ಗೊತ್ತಾ? 1957ರಲ್ಲಿ ಲೆಸ್ಟರ್‌ನಲ್ಲಿ, 1959ರಲ್ಲಿ ಪೀಟರ್‌ಬರೋದಲ್ಲಿ. ಆಮೇಲೆ ಅಮೆರಿಕಕ್ಕೆ ಹೋಗಿ ಕೆನಡಿ ಪ್ರಚಾರ ಹೇಗೆ ನಡೆಯುತ್ತೆ ಅಂತ ನೋಡಿದಳು. ವಾಪಸ್ ಬಂದು ಲಂಡನ್ನಿನ ಹ್ಯಾಮರ್‌ಸ್ಮಿತ್‌ನಲ್ಲಿ ಕೌನ್ಸಿಲರ್ ಆದಳು. 1968ರಲ್ಲಿ ನೆಲ್ಸನ್ ಅಂಡ್ ಕೋನ್‌ನಲ್ಲಿ ನಿಂತಳು. ಅದು ಆಕೆಯ ಲೇಬರ್ ಪಕ್ಷದ ಕೈಯಲ್ಲೇ ಇದ್ದ ಕ್ಷೇತ್ರ, ಅದೂ ಹೋಯಿತು. ಆ ರಾತ್ರಿ ಆಕೆಗೆ ಹೇಗಾಗಿರಬೇಡ! 1970ರಲ್ಲಿ ರೋಸೆಂಡೇಲ್‌ನಲ್ಲಿ ಮತ್ತೆ ಸೋಲು. 1973ರಲ್ಲಿ ವೆಸ್ಟ್ ಬ್ರಾಮಿಚ್‌ನಲ್ಲಿ ಗೆದ್ದಾಗ ವಯಸ್ಸು 43. ಈಗ ನಿನ್ನ ವಯಸ್ಸೇ. 1992ರಲ್ಲಿ 372 ಮತ ಪಡೆದು ಸ್ಪೀಕರ್ ಕುರ್ಚಿಯಲ್ಲಿ ಕೂತಳು, ಬ್ರಿಟನ್ ಪಾರ್ಲಿಮೆಂಟಿನ ಹೌಸ್ ಆಫ್ ಕಾಮನ್ಸ್ ಸದನದ ಮೊದಲ ಮಹಿಳಾ ಸ್ಪೀಕರ್.

ಗೆಲ್ಲುವವರೆಗೂ ರಾಜಕಾರಣಿಗಳ ಹತ್ತಿರ ಸೆಕ್ರೆಟರಿ ಕೆಲಸ ಮಾಡಿ ಹೊಟ್ಟೆ ಹೊರೆದುಕೊಂಡಳು. ಅದಕ್ಕೇ ಹೇಳುತ್ತೇನೆ, ಕೆಲಸ ಬಿಡಬೇಡ. ಸಾಲ ಮಾಡಿ ನಿಲ್ಲಬೇಡ. ಮತ ಹಾಕಿದವರ ಮನೆಗೆ ಈ ವಾರವೇ ಹೋಗಿ ಥ್ಯಾಂಕ್ಸ್ ಹೇಳಿ ಬಾ, ಸೋತವರು ಬರಲ್ಲ ಅಂತ ಜನ ಅಂದುಕೊಂಡಿರುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಳಿಯಂದಿರ ಮೇಲೆ ಸಿಟ್ಟು ತೋರಿಸಬೇಡ. ನೋಡು, ಮತ್ತೆ ಶುರು ಮಾಡಿದೆ.

ನಿನ್ನ ಪ್ರಚಾರದ ಚೀಟಿ, ಫೋಟೋ ಇರುವುದು, ದೇವರ ಮನೆ ಬಾಗಿಲಿಗೆ ಅಂಟಿಸಿದ್ದೇನೆ. ಬಂದವರಿಗೆಲ್ಲ ತೋರಿಸುತ್ತೇನೆ. ಇದನ್ನು ನಿನಗೆ ಹೇಳಿರಲಿಲ್ಲ.

ಭಾನುವಾರ ಫೋನ್ ಮಾಡು. ಮೊನ್ನೆ ಎಷ್ಟು ಮತ ಬಿತ್ತು ಅಂತ ಮಾತ್ರ ಕೇಳಿದೆ. ಮನೆ ಮನೆಗೆ ಹೋದಾಗ ಆ ಜನ ಏನಂದರು, ಒಳಗೆ ಕರೆದು ಟೀ ಕೊಟ್ಟವರು ಯಾರು, ಅದನ್ನು ಕೇಳಲೇ ಇಲ್ಲ. ಹೇಳುವಿಯಂತೆ. ನಾನು ಸುಮ್ನೆ ಕೇಳಿಸಿಕೊಳ್ಳುತ್ತೇನೆ.

ನಿನ್ನ
ಅಪ್ಪಾಜಿ