ದೂರು ಮುಚ್ಚುವ ಮುನ್ನ ಬೆಳಕನ್ನು ಅಳೆಯಲಿ

ಸಂಪಾದಕರಿಗೆ,

ಮಾನ್ಯರೇ,

ಮಳೆ ಹಿಡಿದ ಮೇಲೆ ಆಲ್ದೂರಿನ ಸುತ್ತಮುತ್ತ ಬ್ರಾಡ್‌ಬ್ಯಾಂಡ್ ನಿಧಾನವಾಗಿದೆ ಎಂಬ ಮಾತು ದಿನವೂ ಕಿವಿಗೆ ಬೀಳುತ್ತಿದೆ. ನಮ್ಮ ಮನೆಯಿಂದ ಐದು ವಾರಗಳಲ್ಲಿ ಮೂರು ಬಾರಿ ದೂರು ಕೊಟ್ಟೆವು. ಮೂರು ಬಾರಿಯೂ ರೂಟರ್ ಆಫ್ ಮಾಡಿ ಆನ್ ಮಾಡಿ ಎಂಬ ಉತ್ತರ ಸಿಕ್ಕಿತು, ಮರುದಿನ ದೂರು ಪರಿಹಾರವಾಗಿದೆ ಎಂಬ ಮೆಸೇಜ್ ಬಂತು, ಮನೆಗೆ ಮಾತ್ರ ಯಾರೂ ಬರಲಿಲ್ಲ.

ಮೊದಲ ತಪ್ಪು ನಮ್ಮದೇ ಇತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಕಣ್ಣಿಗೆ ಕಾಣದಿರಲಿ ಎಂದು ರೂಟರನ್ನು ನಾಗಂದಿಗೆಯ ಮೇಲೆ, ಹಿತ್ತಾಳೆ ಪಾತ್ರೆಗಳ ಹಿಂದೆ ಇಟ್ಟಿದ್ದೆವು. ನಮ್ಮದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆಯ ಹಳೆಯ ಮನೆ. ವೈಫೈನ 5 ಗಿಗಾಹರ್ಟ್ಸ್ ತರಂಗಕ್ಕೆ ವೇಗ ಹೆಚ್ಚಾದರೂ ಇಂಥ ಗೋಡೆ ದಾಟುವಷ್ಟರಲ್ಲಿ ಅದು ಸೊರಗುತ್ತದೆ, 2.4 ಗಿಗಾಹರ್ಟ್ಸ್ ತರಂಗ ದೂರ ಹೋದರೂ ವೇಗ ಕಡಿಮೆ. ರೂಟರನ್ನು ನಡುಮನೆಗೆ ತಂದಿಟ್ಟ ಮೇಲೆ ಕೋಣೆಗಳಲ್ಲಿ ಸ್ವಲ್ಪ ಸುಧಾರಿಸಿತು. ಪಕ್ಕದ ಮನೆಯವರದು ಇನ್ನೊಂದು ಬಗೆಯ ತಕರಾರು: 40 ಎಂಬಿಪಿಎಸ್ ಪ್ಲಾನಿಗೆ ದುಡ್ಡು ಕಟ್ಟಿದರೂ ಡೌನ್‌ಲೋಡ್ ಆಗುವಾಗ 5 ಎಂದೇ ತೋರಿಸುತ್ತದೆಂದು ಅವರು ಜಗಳಕ್ಕೇ ಹೊರಟಿದ್ದರು. ಪ್ಲಾನಿನ ಲೆಕ್ಕ ಮೆಗಾಬಿಟ್‌ನಲ್ಲಿ, ಡೌನ್‌ಲೋಡ್ ಲೆಕ್ಕ ಮೆಗಾಬೈಟ್‌ನಲ್ಲಿ, ಎಂಟು ಬಿಟ್ ಸೇರಿದರೆ ಒಂದು ಬೈಟ್ ಎಂದು ವಿವರಿಸಿದ ಮೇಲೆ ಸುಮ್ಮನಾದರು.

ತೊಂದರೆ ಮನೆಯೊಳಗಿನ ವೈಫೈನಲ್ಲಿದೆಯೋ ಹೊರಗಿನ ಲೈನಿನಲ್ಲಿದೆಯೋ ಎಂದು ತಿಳಿಯಲು ಲ್ಯಾಪ್‌ಟಾಪಿನ ವೈಫೈ ಆರಿಸಿ, ಲ್ಯಾನ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ ವೇಗ ನೋಡಬೇಕು. ನಾನು ಎಂಟು ದಿನ ಬೆಳಿಗ್ಗೆ 6ಕ್ಕೂ ರಾತ್ರಿ 9ಕ್ಕೂ ಹಾಗೆ ನೋಡಿ, ತೋಟದ ಮಳೆ ಲೆಕ್ಕದ ಪುಸ್ತಕದಲ್ಲಿ ಆ ದಿನದ ಇಂಚಿನ ಪಕ್ಕದಲ್ಲೇ ಬರೆದಿಟ್ಟೆ. ರಾತ್ರಿ ಮಾತ್ರ ವೇಗ ಇಳಿದಿದ್ದರೆ ಊರಿಗೆಲ್ಲ ಹಂಚಿದ ಮುಖ್ಯ ಲೈನಿನ ಮೇಲಿನ ಒತ್ತಡ ಕಾರಣವೆನ್ನಬಹುದಿತ್ತು. ಆದರೆ ಗಾಳಿ, ಮಳೆ ಜೋರಾಗಿದ್ದ ದಿನ ಬೆಳಿಗ್ಗೆಯೂ ರಾತ್ರಿಯೂ 100 ಎಂಬಿಪಿಎಸ್ ಪ್ಲಾನಿನಲ್ಲಿ ವೇಗ 7, 9ರ ಆಚೆ ಏರಲಿಲ್ಲ. ಹೊಳವಾದ ದಿನ 90 ದಾಟಿತು.

ಈ ಅಂಕಿಗಳನ್ನು ಹಿಡಿದು ನಾಲ್ಕನೆಯ ದೂರು ಕೊಟ್ಟಾಗ ಒಬ್ಬ ಹುಡುಗ ಪವರ್ ಮೀಟರ್ ತಂದ. ನಮ್ಮ ಲೈನು ಫೈಬರಿನದು, ಅಂದರೆ ಮಾಹಿತಿಯನ್ನು ಬೆಳಕಿನ ರೂಪದಲ್ಲಿ ಸಾಗಿಸುವ ಗಾಜಿನ ಎಳೆ. ಅದರಲ್ಲಿ ಬರುವ ಬೆಳಕಿನ ಬಲವನ್ನು ಡಿಬಿಎಂ ಎಂಬ ಮಾನದಲ್ಲಿ ಅಳೆಯುತ್ತಾರೆ. ನಮ್ಮಲ್ಲಿ ಮೈನಸ್ 28 ಇತ್ತು. ಮೈನಸ್ 27ಕ್ಕಿಂತ ಕೆಳಗಿಳಿದರೆ ಸಾಮಾನ್ಯವಾಗಿ ಆ ಬೆಳಕನ್ನು ಹಿಡಿಯುವ ಮನೆಯ ಪೆಟ್ಟಿಗೆ ತಡವರಿಸತೊಡಗುತ್ತದೆ, ಕಳೆದುಹೋದ ಮಾಹಿತಿ ಮತ್ತೆ ಮತ್ತೆ ಬರಬೇಕಾಗಿ ವೇಗ ಕುಸಿಯುತ್ತದೆ. ಇಬ್ಬರೂ ಲೈನಿನುದ್ದಕ್ಕೆ ನಡೆದೆವು. ಮರಗಸಿ (ತೋಟದ ನೆರಳು ಮರಗಳ ಕೊಂಬೆ ಕಡಿಯುವುದು) ಮಾಡುವಾಗ ಬಿದ್ದ ಕೊಂಬೆಯಿಂದ ತುಂಡಾಗಿದ್ದ ಕೇಬಲ್ಲನ್ನು ಹಿಂದೆ ಯಾರೋ ಜೋಡಿಸಿ, ಜಾಯಿಂಟಿಗೆ ಹಾಲಿನ ಪ್ಯಾಕೆಟ್ ಸುತ್ತಿ, ಸಿಲ್ವರ್ ಓಕ್ ಮರಕ್ಕೆ ಕಟ್ಟುತಂತಿಯಿಂದ ಬಿಗಿದಿದ್ದರು. ಗಾಳಿಗೆ ಮರ ತೂಗಿದಾಗಲೆಲ್ಲ ಫೈಬರ್ ಆ ಬಿಗಿತದಲ್ಲಿ ಬಾಗಿ ಬೆಳಕು ಸೋರುತ್ತಿತ್ತು. ಪ್ಯಾಕೆಟ್ಟಿನೊಳಗೆ ನೀರೂ ನಿಂತಿತ್ತು. ಹೊಸದಾಗಿ ಜೋಡಿಸಲು ಅವನಿಗೆ ಹಿಡಿದದ್ದು ಅರ್ಧ ಗಂಟೆ. ಮೀಟರ್ ಮೈನಸ್ 20 ತೋರಿಸಿತು.

ಸೇವೆ ಕೊಡುವ ಕಂಪನಿಗಳಲ್ಲಿ ನನ್ನ ಕೋರಿಕೆ ಇಷ್ಟೆ. ನಿಧಾನದ ದೂರು ಬಂದಾಗ ಬೆಳಕಿನ ಅಳತೆಯನ್ನು ದುರಸ್ತಿಗೆ ಮೊದಲೂ ಆಮೇಲೂ ಚೀಟಿಯಲ್ಲಿ ಬರೆದು ಗ್ರಾಹಕರ ಸಹಿ ಪಡೆಯಬೇಕು. ಅಳೆಯದ ದೂರನ್ನು ಮುಚ್ಚಬಾರದು. ನಾವು ಬೆಳೆಗಾರರೂ ಮರಗಸಿಗೆ ಮೊದಲು ಲೈನ್‌ಮನ್‌ಗೆ ಒಂದು ಫೋನ್ ಮಾಡುವುದು ಒಳ್ಳೆಯದು. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ, ಅಂದರೆ ದೂರಿನ ಗುರುತಿನ ಸಂಖ್ಯೆ, ಕೊಡಬೇಕು, ಪರಿಹಾರ ಸಮಾಧಾನ ತರದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಟ್ರಾಯ್ ತಾನೇ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. ಟೆಲಿಕಾಂ ಗ್ರಾಹಕರು ಗ್ರಾಹಕ ನ್ಯಾಯಾಲಯಕ್ಕೂ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆ ಮೆಟ್ಟಿಲು ಹತ್ತುವವರಿಗೂ ಅಳತೆಯ ಚೀಟಿಯೇ ಆಧಾರ.

ಅದೇ ಸಿಲ್ವರ್ ಮರಕ್ಕೆ ಬಿಗಿದ ಇನ್ನೂ ನಾಲ್ಕು ಮನೆಗಳ ಕೇಬಲ್ ಹಾಗೆಯೇ ಇದೆ. ಅವರು ದೂರು ಕೊಟ್ಟಿಲ್ಲವೆಂದು ಆ ಹುಡುಗ ಅದನ್ನು ಮುಟ್ಟದೆ ಹೋದ.

— ಒಬ್ಬ ಕಾಫಿ ಬೆಳೆಗಾರ, ಆಲ್ದೂರು, ಚಿಕ್ಕಮಗಳೂರು ತಾಲ್ಲೂಕು