ಮಾತ್ರೆ ಕುಟ್ಟುವ ಮೊದಲು

ಪ್ರೀತಿಯ ಕೂಸೇ,

ನಿನ್ನೆ ನೀನು ಫೋನಿನಲ್ಲಿ ಹೇಳಿದ್ದು ರಾತ್ರಿಯಿಡೀ ತಲೆಯಲ್ಲೇ ಇತ್ತು. ಲಕ್ವ ಹೊಡೆದ ಮೇಲೆ ಮಾವನಿಗೆ ಮಾತ್ರೆ ನುಂಗಲಿಕ್ಕೆ ಆಗ್ತಿಲ್ಲ, ಎಲ್ಲ ಒಟ್ಟಿಗೆ ಪುಡಿ ಮಾಡಿ ಗಂಜಿಗೆ ಕಲಸಿ ಕೊಡ್ತಿದ್ದೇನೆ ಅಂದೆಯಲ್ಲ. ಬಾಯಲ್ಲಿ ಹೇಳಿದರೆ ಅರ್ಧ ಮರೀತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು ಕೇಳು. ಎರಡು ವರ್ಷದ ಹಿಂದೆ ನಿನ್ನ ದೊಡ್ಡಪ್ಪನೂ ಮಾತ್ರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ ಅಂತ ಗೊಣಗುತ್ತಿದ್ದರು. ಒಂದು ದಿನ ಕವಳದ ತಟ್ಟೆ ಒರೆಸೋಣ ಅಂತ ಎತ್ತಿದರೆ, ಸುಣ್ಣದ ಡಬ್ಬಿಯ ಹಿಂದೆ ಅರ್ಧ ಕರಗಿದ ಐದಾರು ಮಾತ್ರೆ, ಒಣಗಿದ ಎಲೆ ಚೂರಿಗೆ ಅಂಟಿಕೊಂಡು ಕೂತಿವೆ! ನನಗೆ ಸಿಟ್ಟು ಬಂತು. ಕವಳ ಕುಟ್ಟುವ ಕುಟ್ಟಾಣಿಗೇ ಬಿಪಿ ಮಾತ್ರೆ ಹಾಕಿ ನುಣ್ಣಗೆ ಕುಟ್ಟಿ, ಜೋನಿಬೆಲ್ಲದಲ್ಲಿ ಕಲಸಿ ನೆಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಅಂಗಳಕ್ಕೆ ಹೊರಟವರು ಜಗಲಿ ಕಂಬ ಹಿಡಿದು ಹಾಗೇ ಕುಸಿದು ಕೂತರು, ಮೈಯೆಲ್ಲ ಬೆವರು. ಶಿರಸಿಗೆ ಕರೆದುಕೊಂಡು ಹೋದರೆ ಬಿಪಿ ಸಿಕ್ಕಾಪಟ್ಟೆ ಇಳಿದಿತ್ತು. ಡಾಕ್ಟರು ಚೀಟಿ ನೋಡಿ ಕೇಳಿದ್ದು ಒಂದೇ, "ಇದನ್ನ ಪುಡಿ ಮಾಡಿದ್ರಾ?"

ಆ ಮಾತ್ರೆಯ ಹೆಸರಿನ ಕೊನೆಗೆ ಇಆರ್ ಅಂತ ಇತ್ತು. ಕೆಲವಕ್ಕೆ ಎಸ್ಆರ್, ಎಕ್ಸ್ಎಲ್, ಸಿಆರ್ ಅಂತಲೂ ಇರುತ್ತದೆ. ಔಷಧಿಯನ್ನು ಗಂಟೆಗಟ್ಟಲೆ ಸ್ವಲ್ಪಸ್ವಲ್ಪವೇ ಬಿಡುವ ಹಾಗೆ ಮಾಡಿದ ಮಾತ್ರೆ ಅವು, ಕುಟ್ಟಿದರೆ ಇಡೀ ದಿನದ್ದು ಒಂದೇ ಸಲಕ್ಕೆ ಮೈಗೆ ಇಳಿಯುತ್ತದೆ. ಮಾವ ಬೆಳಿಗ್ಗೆ ತಗೊಳ್ಳುವ ಗ್ಯಾಸ್ಟ್ರಿಕ್ ಮಾತ್ರೆ, ಪ್ಯಾಂಟೊಪ್ರಜೋಲ್ ಅಂದೆಯಲ್ಲ, ಅದರ ಕಥೆ ಬೇರೆ. ಹೊಟ್ಟೆಯ ಆಮ್ಲಕ್ಕೆ ಹಾಳಾಗಬಾರದು ಅಂತ ಅದಕ್ಕೆ ಹೊದಿಕೆ ಹಾಕಿರುತ್ತಾರೆ, ಅದನ್ನೇ ಒಡೆದರೆ ಔಷಧಿ ಹೊಟ್ಟೆಯಲ್ಲೇ ಕೆಡುತ್ತದೆ, ಕೊಟ್ಟೂ ಕೊಡದ ಹಾಗೆ. ಇನ್ನು ಮಧ್ಯೆ ಗೆರೆ ಇದೆ ಅಂತ ಕುಟ್ಟಬಹುದು ಅಂದುಕೊಳ್ಳಬೇಡ. ಗೆರೆ ಇರುವುದು ಅರ್ಧ ಮಾಡಲಿಕ್ಕೆ, ಪುಡಿ ಮಾಡಲಿಕ್ಕಲ್ಲ.

ಹಾಗಾಗಿ ನಾಳೆಯೇ ಮಾತ್ರೆಯ ಸ್ಟ್ರಿಪ್ಪುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಡಾಕ್ಟರ ಹತ್ತಿರ ಹೋಗು. ಒಂದೊಂದೇ ತೋರಿಸಿ ಕೇಳು, ಇದನ್ನ ಪುಡಿ ಮಾಡಬಹುದಾ, ಇದಕ್ಕೆ ಸಿರಪ್ ಇದೆಯಾ, ನೀರಲ್ಲಿ ಕರಗುವ ಮಾತ್ರೆ ಇದೆಯಾ. ದೊಡ್ಡಪ್ಪನ ಎರಡು ಮಾತ್ರೆ ಹೀಗೇ ಬದಲಾದವು, ಒಂದನ್ನು ನಿಲ್ಲಿಸಿಯೇ ಬಿಟ್ಟರು. ಕೇಳಲಿಕ್ಕೆ ಸಂಕೋಚ ಬೇಡ. ಆದರೆ ನೀನಾಗಿಯೇ ಯಾವುದನ್ನೂ ನಿಲ್ಲಿಸಬೇಡ, ಆಯ್ತಾ?

ಇನ್ನೊಂದು ಮಾತು, ಇದು ಮಾತ್ರೆಗಿಂತ ದೊಡ್ಡದು. ನೀರು ಕುಡಿದಾಗ ಮಾವನಿಗೆ ಕೆಮ್ಮು ಬರುತ್ತದಾ? ಕುಡಿದ ಮೇಲೆ ಗಂಟಲಲ್ಲಿ ನೀರು ನಿಂತ ಹಾಗೆ ಗುಳುಗುಳು ದನಿ ಬರುತ್ತದಾ? ಬಂದರೆ ಡಾಕ್ಟರಿಗೆ ಹೇಳಲೇಬೇಕು, ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗುವುದುಂಟು. ಲಕ್ವ ಹೊಡೆದವರಿಗೆ ಗಟ್ಟಿ ಗಂಜಿಗಿಂತ ತೆಳ್ಳಗಿನ ನೀರೇ, ನಮ್ಮ ಅಪ್ಪೆಹುಳಿಯಂಥದ್ದೇ, ಎಷ್ಟೋ ಸಲ ಜಾಸ್ತಿ ತೊಂದರೆ ಕೊಡುತ್ತದೆ. ನುಂಗುವುದನ್ನು ಪರೀಕ್ಷೆ ಮಾಡಿ, ಏನು ಎಷ್ಟು ದಪ್ಪ ಇರಬೇಕು ಅಂತ ಹೇಳುವವರು ಸ್ಪೀಚ್ ಥೆರಪಿಯವರು. ಮಾತು ಕಲಿಸುವವರಿಗೂ ನುಂಗುವುದಕ್ಕೂ ಏನು ಸಂಬಂಧ ಅಂತ ನನಗೂ ಅನ್ನಿಸಿತ್ತು, ಗಂಟಲು ಒಂದೇ ಅಲ್ವಾ!

ಅಲ್ಲಿಯವರೆಗೆ ಮಲಗಿಸಿ ಏನೂ ಕೊಡಬೇಡ, ನೆಟ್ಟಗೆ ಕೂರಿಸು. ತಲೆ ಹಿಂದಕ್ಕೆ ಎತ್ತಿಸಿ ಬಾಯಿಗೆ ಸುರಿಯುವ ಅಭ್ಯಾಸ ಬಿಡು. ಪುಡಿ ಮಾಡಬಹುದು ಅಂತ ಡಾಕ್ಟರು ಹೇಳಿದ ಮಾತ್ರೆಯನ್ನೂ ಬಟ್ಟಲು ಗಂಜಿಗೆ ಹಾಕಬೇಡ, ಅರ್ಧ ಬಿಟ್ಟರೆ ಅರ್ಧ ಔಷಧಿಯೂ ಹೋಯಿತು. ಒಂದೇ ಚಮಚದಲ್ಲಿ ಕಲಸಿ ಆಗಲೇ ಕೊಡು, ಇದರಲ್ಲಿ ಮಾತ್ರೆ ಇದೆ ಅಂತ ಹೇಳಿಯೇ ಕೊಡು. ಜೋನಿಬೆಲ್ಲ ಬೇಡ, ಅವರಿಗೆ ಸಕ್ಕರೆ ಕಾಯಿಲೆ. ಮತ್ತೆ ಉಗುಳಿದರು ಅಂತ ರೇಗಬೇಡ, ನಾನು ರೇಗಿದ್ದಕ್ಕೇ ದೊಡ್ಡಪ್ಪ ಅಡಗಿಸಲು ಕಲಿತದ್ದು.

ಭಾನುವಾರ ಕಾರವಾರದ ಕಡೆ ಬರುವವರ ಹತ್ತಿರ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸ್ತೇನೆ. ಅದು ನಿನಗೆ ಮಾತ್ರ. ಮಾವ ಆಸೆಯಿಂದ ನೋಡಿದರೆ ಅಡುಗೆಮನೆಯಲ್ಲೇ ನಿಂತು ತಿನ್ನು.

ನಿನ್ನ ದೊಡ್ಡಮ್ಮ