ಗರ್ಭಕೋಶ ತೆಗೆಸುವ ಮುಂಚೆ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯ,

ನಿನ್ನ ಹೆಂಡತಿಗೆ ಗರ್ಭಕೋಶ ತೆಗೆಸಬೇಕು ಅಂತ ಡಾಕ್ಟರ್ ಹೇಳಿದ ದಿನದಿಂದ ಅವಳು ಮಂಕಾಗಿದ್ದಾಳೆ ಅಂತ ಬರೆದಿದ್ದೀಯ. 'ಮಕ್ಕಳಾಗಿವೆ, ಇನ್ನು ಅದು ಇದ್ದರೆಷ್ಟು ಹೋದರೆಷ್ಟು' ಅಂತ ಮನೆಯವರು ಸಮಾಧಾನ ಹೇಳ್ತಿದ್ದಾರಂತೆ. ಆ ಮಾತನ್ನು ನೀನಂತೂ ಆಡಬೇಡ. ನನಗೂ ಅದೇ ಸಮಾಧಾನ ಹೇಳಿದ್ದರು, ಅದರಿಂದ ಸಂಕಟ ಜಾಸ್ತಿಯೇ ಆಯಿತು.

ಡಾಕ್ಟರ್ ಹತ್ತಿರ ಒಂದು ವಿಷಯ ಬಿಡಿಸಿ ಕೇಳಬೇಕು: ಅಂಡಾಶಯ ಉಳಿಸುತ್ತಾರಾ, ತೆಗೆಯುತ್ತಾರಾ? ಮುಂದಿನ ಎಷ್ಟೋ ವರ್ಷಗಳ ಆರೋಗ್ಯ ಇದರ ಮೇಲೆ ನಿಂತಿದೆ. ಆದರೆ ಎಷ್ಟೋ ಮನೆಗಳಲ್ಲಿ ಈ ಪ್ರಶ್ನೆ ಏಳುವುದೇ ಇಲ್ಲ.

ಗರ್ಭಕೋಶ ಬೇರೆ, ಅಂಡಾಶಯ ಬೇರೆ. ಮಗು ಬೆಳೆಯುವುದು, ತಿಂಗಳ ಮುಟ್ಟು ಬರುವುದು ಗರ್ಭಕೋಶದಿಂದ. ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಬರುವುದು ಅದರ ಎರಡೂ ಬದಿಗಿರುವ ಅಂಡಾಶಯಗಳಿಂದ. ಗರ್ಭಕೋಶ ಮಾತ್ರ ತೆಗೆದರೆ ಮುಟ್ಟು ನಿಲ್ಲುತ್ತದೆ, ಮತ್ತೆ ಬಸಿರಾಗುವುದಿಲ್ಲ, ಆದರೆ ಹಾರ್ಮೋನ್ ಬರುತ್ತಲೇ ಇರುತ್ತದೆ. ಕೆಲವರಿಗೆ ಅಂಡಾಶಯ ಉಳಿಸಿದರೂ ಮೆನೋಪಾಸ್, ಅಂದರೆ ಅಂಡಾಶಯದ ಕೆಲಸ ನಿಂತು ಹಾರ್ಮೋನ್ ಕುಗ್ಗುವ ಕಾಲ, ಸ್ವಲ್ಪ ಬೇಗ ಬರಬಹುದು. ಮುಟ್ಟು ಇಲ್ಲದ್ದರಿಂದ ಅದು ಬಂದಿದ್ದೂ ತಕ್ಷಣ ತಿಳಿಯುವುದಿಲ್ಲ. ಸುಮ್ನೆ ಕೂತಿದ್ದಾಗ ಮುಖಕ್ಕೆ ಬಿಸಿ ಏರುವುದು, ರಾತ್ರಿ ಬೆವರಿ ಎಚ್ಚರವಾಗುವುದು, ಇಂಥವುಗಳಿಂದಲೇ ಗೊತ್ತಾಗಬೇಕು.

ಎರಡೂ ಅಂಡಾಶಯ ತೆಗೆದರೆ ಕಥೆಯೇ ಬೇರೆ. ಮೆನೋಪಾಸ್ ಸಾಮಾನ್ಯವಾಗಿ 45ರಿಂದ 55ರ ನಡುವೆ, ನಿಧಾನವಾಗಿ ಬರುತ್ತದೆ. ಇಲ್ಲಿ ಅದು ಆಪರೇಶನ್ ಆದ ಕೆಲವೇ ದಿನಗಳಲ್ಲಿ ಬಂದುಬಿಡುತ್ತದೆ. ಬಿಸಿ ಏರುವುದು, ನಿದ್ದೆಗೆಡುವುದು, ಯೋನಿ ಒಣಗುವುದು, ಕಾರಣವಿಲ್ಲದೆ ಅಳು ಬರುವುದು ಎಲ್ಲ ಒಟ್ಟಿಗೇ ಶುರುವಾಗಬಹುದು. ಕಣ್ಣಿಗೆ ಕಾಣದ್ದು ಇನ್ನೂ ಇದೆ. ಮೂಳೆ ಬೇಗ ಸವೆಯುತ್ತದೆ, ಚಿಕ್ಕ ವಯಸ್ಸಾದಷ್ಟೂ ಹೃದಯದ ಕಾಯಿಲೆಯ ಅಪಾಯ ಹೆಚ್ಚುತ್ತದೆ. ಅದಕ್ಕೇ ಇಂಥ ಹೆಂಗಸರಿಗೆ ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಈಸ್ಟ್ರೋಜನ್ ಕೊಡುವುದುಂಟು. ಸ್ತನದ ಕ್ಯಾನ್ಸರ್ ಆಗಿದ್ದವರಂಥ ಕೆಲವರಿಗೆ ಮಾತ್ರ ಅದು ಸಾಮಾನ್ಯವಾಗಿ ಆಗಿಬರುವುದಿಲ್ಲ.

ಅಂಡಾಶಯ ತೆಗೆಯುವುದೇ ಸರಿಯಾದ ಸಂದರ್ಭಗಳೂ ಇವೆ. ಅಲ್ಲೇ ಕ್ಯಾನ್ಸರ್ ಇದ್ದರೆ, ಸ್ತನ, ಅಂಡಾಶಯದ ಕ್ಯಾನ್ಸರ್ ಅಪಾಯ ಹೆಚ್ಚಿಸುವ ಬಿಆರ್‌ಸಿಎ ಜೀನ್‌ನ ದೋಷ ಮನೆತನದಿಂದ ಅವಳಿಗೂ ಬಂದಿದ್ದರೆ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ತೀರಾ ಹೆಚ್ಚಾಗಿದ್ದರೆ ತೆಗೆಯಬೇಕಾಗಬಹುದು. ಆದರೆ 'ಹೇಗೂ ಆಪರೇಶನ್ ಮಾಡ್ತೀವಲ್ಲ, ಅದನ್ನೂ ತೆಗೆದುಬಿಡೋಣ' ಅಂದರೆ ಒಪ್ಪಬೇಡಿ, ಕಾರಣ ಕೇಳಿ. ಅಂಡಾಶಯದಿಂದ ಗರ್ಭಕೋಶಕ್ಕೆ ಹೋಗುವ ಅಂಡನಾಳ ಮಾತ್ರ ತೆಗೆಯುತ್ತೇವೆ ಅಂದರೆ ಹೆದರಬೇಕಿಲ್ಲ. ಹಾರ್ಮೋನ್ ಬರುವುದು ಅದರಿಂದಲ್ಲ. ಅದನ್ನು ತೆಗೆದರೆ ಮುಂದೆ ಅಂಡಾಶಯದ ಕ್ಯಾನ್ಸರ್ ಬರುವ ಸಾಧ್ಯತೆಯೂ ಕಡಿಮೆಯಾಗುತ್ತದೆ. ಗರ್ಭಕೋಶದ ಕೊರಳನ್ನು ಉಳಿಸುತ್ತಾರಾ ಅಂತಲೂ ಕೇಳಿಕೊಳ್ಳಿ. ಉಳಿಸಿದರೆ ಆ ಕೊರಳಿನ ಕ್ಯಾನ್ಸರ್ ಬರುವ ಮುನ್ಸೂಚನೆ ನೋಡುವ ಪ್ಯಾಪ್ ಪರೀಕ್ಷೆಯನ್ನು ಮೊದಲಿನಂತೆಯೇ ಮಾಡಿಸುತ್ತಿರಬೇಕು.

ಅವಳಿಗಿರುವುದು ಫೈಬ್ರಾಯ್ಡ್ ಗಡ್ಡೆ, ಜಾಸ್ತಿ ರಕ್ತಸ್ರಾವ ಅಂತ ಬರೆದಿದ್ದೀಯ. ಫೈಬ್ರಾಯ್ಡ್ ಕ್ಯಾನ್ಸರ್ ಅಲ್ಲ, ಮುಟ್ಟು ನಿಂತ ಮೇಲೆ ಸಾಮಾನ್ಯವಾಗಿ ಕುಗ್ಗುತ್ತದೆ. ಸ್ರಾವ ಕಡಿಮೆ ಮಾಡಲು ಟ್ರಾನೆಕ್ಸಾಮಿಕ್ ಆ್ಯಸಿಡ್ ಮಾತ್ರೆ ಇದೆ, ಗರ್ಭಕೋಶದೊಳಗೆ ಇಡುವ ಹಾರ್ಮೋನ್ ಸಾಧನ ಇದೆ. ಗಡ್ಡೆಯನ್ನಷ್ಟೇ ತೆಗೆಯಬಹುದು, ಗಡ್ಡೆಗೆ ಹೋಗುವ ರಕ್ತನಾಳವನ್ನು ಮುಚ್ಚಿ ಅದನ್ನು ಕುಗ್ಗಿಸಬಹುದು. ಯಾವುದು ಹೊಂದುತ್ತದೆ ಅನ್ನುವುದು ಗಡ್ಡೆಯ ಗಾತ್ರ, ಜಾಗ ನೋಡಿ ತೀರ್ಮಾನವಾಗಬೇಕು. ಇವೆಲ್ಲ ನೋಡಿಯೂ ಗರ್ಭಕೋಶ ತೆಗೆಸುವುದೇ (ಹಿಸ್ಟರೆಕ್ಟಮಿ) ಸರಿ ಅನ್ನಿಸಿದರೆ ಧೈರ್ಯವಾಗಿ ಮಾಡಿಸಿ. ಆ ರಕ್ತಸ್ರಾವದಿಂದ ಬಿಡುಗಡೆ ಸಿಗುವುದು ಸಣ್ಣ ವಿಷಯವಲ್ಲ, ನನ್ನ ಸುಸ್ತು ಕಳೆದು ಜೀವ ಬಂದಂತಾಗಿತ್ತು. ರಕ್ತ ಕಡಿಮೆ ಇದ್ದರೆ ಆಪರೇಶನ್‌ಗೆ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ.

ನೀನು ಕೇಳಲು ಸಂಕೋಚಪಟ್ಟಿದ್ದನ್ನು ನಾನೇ ಹೇಳುತ್ತೇನೆ. ಕನಿಷ್ಠ 6 ವಾರ ಗಂಡ ಹೆಂಡತಿ ಸೇರಬಾರದು. ಒಳಗಿನ ಹೊಲಿಗೆ ಮಾಯಬೇಕು, ಡಾಕ್ಟರ್ ಸರಿ ಅನ್ನುವ ತನಕ ಕಾಯಬೇಕು. ಆಮೇಲೆ ಹೆಚ್ಚಿನವರಿಗೆ ಆ ಸುಖ ಮೊದಲಿನಂತೆಯೇ ಇರುತ್ತದೆ. ಮೊದಲು ನೋವಿದ್ದವರಿಗೆ ಇನ್ನೂ ಹಿತವಾಗಬಹುದು. ಕೆಲವರಿಗೆ ಆಸೆ ಕುಗ್ಗುತ್ತದೆ, ಅಂಡಾಶಯ ತೆಗೆದವರಲ್ಲಿ ಅದು ಹೆಚ್ಚು. ಒಣಗುವುದಕ್ಕೆ ಜೆಲ್, ಔಷಧಿ ಇವೆ. ಅವಳು ಹಿಂಜರಿದರೆ ಒತ್ತಾಯ ಮಾಡಬೇಡ, ಮುನಿಸಿಕೊಳ್ಳಲೂಬೇಡ.

ಹೊಟ್ಟೆಯೊಳಗೆ ಟೊಳ್ಳು ಉಳಿಯುತ್ತದೆ ಅಂತ ಅವಳಿಗೆ ಯಾರೋ ಹೆದರಿಸಿದ್ದಾರಂತಲ್ಲ. ಹಾಗೇನೂ ಇಲ್ಲ, ಆ ಜಾಗಕ್ಕೆ ಕರುಳು ಸರಿದುಕೊಳ್ಳುತ್ತದೆ. ಆದರೆ ಏನನ್ನೋ ಕಳಕೊಂಡ ದುಃಖ ಬಂದರೆ ಅದು ನಿಜವಾದ ದುಃಖ. ಇನ್ನು ಮಕ್ಕಳು ಬೇಡ ಅಂದುಕೊಂಡವರಿಗೂ ಅದು ಬರಬಹುದು. ಉಪದೇಶ ಮಾಡದೆ ಕೇಳಿಸಿಕೋ, ಅಷ್ಟು ಸಾಕು. ವಾರಗಟ್ಟಲೆ ಮಂಕು ಕವಿದೇ ಇದ್ದರೆ ಡಾಕ್ಟರ್‌ಗೆ ಹೇಳಬೇಕು.

ಹೊಟ್ಟೆ ಕೊಯ್ದು ಮಾಡಿದರೆ ಚೇತರಿಸಿಕೊಳ್ಳಲು 6ರಿಂದ 8 ವಾರ ಬೇಕು. ಯೋನಿಯ ಮೂಲಕ ಅಥವಾ ಹೊಟ್ಟೆಯ ಸಣ್ಣ ತೂತುಗಳಿಂದ ಮಾಡುವ ಲ್ಯಾಪರೊಸ್ಕೋಪಿಯಲ್ಲಿ ಮಾಡಿದರೆ ಬೇಗ ಓಡಾಡಬಹುದು, ಹಾಗಂತ ಭಾರ ಎತ್ತುವಂತಿಲ್ಲ. ಹೊರಗಿನ ಗಾಯ ಚಿಕ್ಕದಿದೆ ಅಂತ ಮನೆಯವರು ಅವಳನ್ನು ಬೇಗ ಕೆಲಸಕ್ಕೆ ಎಳೆಯುತ್ತಾರೆ. ಅಲ್ಲಿ ನೀನು ಅಡ್ಡ ನಿಲ್ಲಬೇಕು. ಆದರೆ ಮನೆಯೊಳಗೆ ದಿನಾ ಸ್ವಲ್ಪ ಸ್ವಲ್ಪ ನಡೆಯುವುದು ಒಳ್ಳೆಯದು, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಕಡಿಮೆಯಾಗುತ್ತದೆ. ಜ್ವರ, ವಾಸನೆಯ ಸ್ರಾವ, ಪ್ಯಾಡ್ ತೋಯುವಷ್ಟು ರಕ್ತ, ಮೂತ್ರ ಹೋಗದಿರುವುದು, ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರು ಕಟ್ಟುವುದು, ಇದರಲ್ಲಿ ಯಾವುದು ಕಂಡರೂ ಬೆಳಗಾಗಲಿ ಅಂತ ಕಾಯದೆ ಆಸ್ಪತ್ರೆಗೆ ಕರಕೊಂಡು ಹೋಗು.

ಅವಳಿಗೂ ಈ ಪತ್ರ ಓದಿಸು. ನಿನ್ನ ಹತ್ತಿರ ಹೇಳಲಾಗದ್ದು ಏನಾದರೂ ಇದ್ದರೆ ನನಗೆ ಫೋನ್ ಮಾಡಲಿ, ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ಗೆಳತಿ